ಅಕ್ಕ ಕೂತಿದಾರೆ

ನೀಲಾ,

ಡಾಕ್ಟರೇಟ್ ಬರುವ ಮೊದಲೇ ನನ್ನ ಬಾಯಲ್ಲಿ ಡಾಕ್ಟರಮ್ಮ ಆದವಳೇ,

ನಿಮ್ಮವ್ವ ಇವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದರು. ನೀನಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ, ಹಾಗಾಗಿ ಮೊದಲು ಬರೆದುಬಿಟ್ಟೆ. ನನ್ನದೂ ನಡೆಯುತ್ತಿದೆ. ಬೆಳಗ್ಗೆ ಎದ್ದು ಬಸವೇಶ್ವರನಗರದಿಂದ ವಿಜಯನಗರಕ್ಕೆ ಸ್ಕೂಟರಿನಲ್ಲಿ ಹೋಗುತ್ತೇನೆ, ಅಂಗಡಿಯ ಶಟರ್ ಎತ್ತುತ್ತೇನೆ, ಬಂದವರನ್ನು ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತೇನೆ, ಕನ್ನಡಕ ಹಾಕಿ ಕಳಿಸುತ್ತೇನೆ. ನೀನು ಹೋದ ಮೇಲೆ ಒಬ್ಬರಿಗೂ ತಪ್ಪು ನಂಬರಿನ ಗ್ಲಾಸ್ ಕೊಟ್ಟಿಲ್ಲ. ಅಕ್ಕಪಕ್ಕದ ಅಂಗಡಿಯವರು ಇದನ್ನು ಧೈರ್ಯ ಎಂದು ಹೊಗಳುತ್ತಾರೆ. ಧೈರ್ಯಗೀರ್ಯ ಏನೂ ಅಲ್ಲ ಕಣೇ. ನನಗೆ ಏನೂ ಅನ್ನಿಸುತ್ತಿಲ್ಲ, ಅಷ್ಟೇ. ಹಲ್ಲು ಕೀಳಿಸುವ ಮೊದಲು ಸೂಜಿ ಕೊಟ್ಟ ದವಡೆ ಹೇಗಿರುತ್ತದೋ ಹಾಗಿದ್ದೇನೆ. ಅದು ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯುವುದಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಚಳಿ ಬಂತು ಎಂದು ನೀನು ಆಟೋ ಹಿಡಿದು ಮನೆಗೆ ಬಂದೆ. ಬಂದವಳು ಕಂಬಳಿ ಹೊದ್ದು ಮಲಗಿಬಿಟ್ಟೆ. ಡೆಂಗಿ ಎಂದು ರಕ್ತ ಪರೀಕ್ಷೆಯವರು ಹೇಳಿದರು. ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿಯಿತು ಎಂದು ನಾನು ಖುಷಿಯಿಂದ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದೆ. ಈ ಕಾಯಿಲೆಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯವಂತೆ, ರಕ್ತನಾಳಗಳಿಂದ ನೀರು ಹೊರಗೆ ಸೋರುತ್ತದಂತೆ. ಡಾಕ್ಟರು ಅದನ್ನು ನನಗೆ ವಿವರಿಸುವಾಗ, ಇದನ್ನು ನೀಲಾ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು ಎಂದುಕೊಂಡೆ. ಆ ಹೊತ್ತಿಗಾಗಲೇ ನೀನು ಮಾತು ನಿಲ್ಲಿಸಿದ್ದೆ.

ಇಷ್ಟು ನಿನಗೂ ಗೊತ್ತಿರಬಹುದು. ಆಮೇಲೆ ಆದದ್ದು ಗೊತ್ತಿಲ್ಲ, ಅದನ್ನು ಹೇಳಬೇಕು.

ರುದ್ರಭೂಮಿಯಲ್ಲಿ ಗುಣಿ ತೋಡಿ, ನಿನ್ನನ್ನು ಕೂರಿಸಲು ಒಳಗೆ ಗೂಡು ಮಾಡಿದ್ದರು. ವಿಭೂತಿ, ಬಿಲ್ವಪತ್ರೆ, ಉಪ್ಪಿನ ಮೂಟೆ, ಎಲ್ಲ ಬಂದಿತ್ತು. ಅಯ್ಯನವರು ಎಡಗೈಯಲ್ಲಿ ಇಡುವುದಕ್ಕೆ ನಿನ್ನ ಇಷ್ಟಲಿಂಗ ಕೊಡಿ ಎಂದರು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ತಾಳಿ ಇತ್ತು, ಓಲೆ ಇತ್ತು, ಕಾಲುಂಗುರ ಇತ್ತು. ಲಿಂಗದ ಬೆಳ್ಳಿ ಕರಡಿಗೆ ಇರಲಿಲ್ಲ. ಕವರನ್ನು ತಲೆಕೆಳಗು ಮಾಡಿ ಕೊಡವಿದೆ. ಎಲ್ಲರೂ ನನ್ನನ್ನು ನೋಡಿದರು. ನಿಮ್ಮವ್ವ ಅಷ್ಟು ಹೊತ್ತು ಅಳುತ್ತಿದ್ದವರು ಅಳು ನಿಲ್ಲಿಸಿ ಕೇಳಿದರು, “ಹುಟ್ಟಿದಾಗ ಕಟ್ಟಿದ ಲಿಂಗ ರೀ ಅದು. ಕೊಳ್ಳಾಗ ಇತ್ತೋ ಇಲ್ಲೋ ಅನ್ನಾದು ಗಂಡ ಆದವ್ರಿಗೆ ಗೊತ್ತಿಲ್ಲೇನ್ರಿ?”

ನನಗೆ ಗೊತ್ತಿರಲಿಲ್ಲ. ದಿನವೂ ಹತ್ತಾರು ಜನರ ಮುಖ ಅಳೆಯುವವನು ನಾನು. ಯಾರ ಮೂಗಿಗೆ ಯಾವ ಫ್ರೇಮ್ ಕೂರುತ್ತದೆ ಎಂದು ಬಾಗಿಲಲ್ಲೇ ಹೇಳುತ್ತೇನೆ. ನಿನ್ನ ಕೊರಳಲ್ಲಿ ಲಿಂಗ ಯಾವತ್ತಿನಿಂದ ಇರಲಿಲ್ಲ ಎಂದು ಮಾತ್ರ ಕಂಡಿರಲಿಲ್ಲ. ಅಯ್ಯನವರು ಯಾರನ್ನೋ ಓಡಿಸಿ ಹೊಸ ಲಿಂಗ ತರಿಸಿ, ಮಂತ್ರ ಹೇಳಿ ನಿನ್ನ ಅಂಗೈಯಲ್ಲಿ ಇಟ್ಟರು. ನಿಮ್ಮವ್ವ ಮುಖ ತಿರುಗಿಸಿಕೊಂಡರು. ಆಮೇಲೆ ಉಪ್ಪು ಸುರಿದರು. ಸುರಿಯುವುದನ್ನೇ ನೋಡುತ್ತಾ, ಲ್ಯಾಬಿನಲ್ಲಿ ನಿನ್ನ ಬ್ಯಾಕ್ಟೀರಿಯಾಗಳನ್ನು ಉಪ್ಪುನೀರಿನಲ್ಲೇ ಬೆಳೆಸುತ್ತಿದ್ದೆಯಲ್ಲ ಎಂದು ನೆನಪಾಯಿತು. ಆ ಹೊತ್ತಿನಲ್ಲಿ ಬರಬೇಕಾದ ಯೋಚನೆಯೇ ಅದು? ಆದರೆ ಬಂದದ್ದು ಅದೊಂದೇ.

ನಮ್ಮ ಜೊತೆಯೇ ಇದ್ದ ನಿಮ್ಮವ್ವ ಅಂದಿನಿಂದ ಮನೆಯಲ್ಲಿ ನೆಂಟರ ಹಾಗೆ ಇದ್ದುಬಿಟ್ಟರು. ಬೆಳಗ್ಗೆ ತಮ್ಮ ಲಿಂಗಪೂಜೆ ಮುಗಿಸಿ ಒಂದು ಲೋಟ ಹಾಲು ಕುಡಿಯುತ್ತಿದ್ದರು, ಸಂಜೆ ಒಂದಿಷ್ಟು ಅವಲಕ್ಕಿ, ಮತ್ತೇನಿಲ್ಲ. ನಾನು ಬೀರು ಹುಡುಕಿದೆ, ನಿನ್ನ ಬ್ಯಾಗುಗಳನ್ನು ಸುರುವಿ ನೋಡಿದೆ, ಹಾಸಿಗೆ ಎತ್ತಿ ನೋಡಿದೆ. ಆಸ್ಪತ್ರೆಗೆ ಹೋಗಿ ವಾರ್ಡಿನ ನರ್ಸಮ್ಮನನ್ನು ಕೇಳಿದೆ. ಆಕೆ ಪಾಪ, ಬರುವಾಗಲೇ ಕೊರಳಲ್ಲಿ ತಾಳಿ ಬಿಟ್ಟು ಏನೂ ಇರಲಿಲ್ಲ ಸಾರ್ ಎಂದಳು. ಅದನ್ನು ಮನೆಗೆ ಬಂದು ಹೇಳಿದ್ದೇ ಕೆಟ್ಟದ್ದಾಯಿತು. ಅಲ್ಲಿಗೆ ನಿಮ್ಮವ್ವನ ಲೆಕ್ಕಾಚಾರ ಮುಗಿಯಿತು. “ಓದಿ ಓದಿ ಲಿಂಗ ಬಿಟ್ಲು ನನ್ನ ಮಗಳು. ನನಗ ಹೇಳಾಕ ಅಂಜಿದ್ಲು. ನಿಮಗ ಹೇಳಿರ್ತಾಳ, ನೀವು ಮುಚ್ಚಿಟ್ರಿ.” ಇಷ್ಟು ಹೇಳಿ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಕೊಟ್ಟೂರಿಗೆ ಹೊರಟುಬಿಡುತ್ತೇನೆ, ಅಲ್ಲಿ ತಮ್ಮನ ಮನೆಯಲ್ಲಿ ಒಂದು ಮೂಲೆ ಇದೆ ಎಂದರು. ಲಿಂಗ ಬಿಟ್ಟು ಹೋದ ಮಗಳು ಎಲ್ಲಿಗೆ ಹೋದಳು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ನಾನು ಹಬ್ಬಕ್ಕೆ ಮಾತ್ರ ಲಿಂಗ ಕಟ್ಟಿಕೊಳ್ಳುವ ಗಿರಾಕಿ.

ನನ್ನ ಪ್ರಶ್ನೆ ಬೇರೆ ಇತ್ತು. ಬಿಟ್ಟಿದ್ದರೆ ಬಿಡು, ನನಗೆ ಯಾಕೆ ಹೇಳಲಿಲ್ಲ? ಬೀದಿಯ ನಾಯಿ ಮರಿ ಹಾಕಿದ್ದನ್ನೂ ಫೋನ್ ಮಾಡಿ ಹೇಳುತ್ತಿದ್ದವಳು ನೀನು. ಈ ಒಂದು ವಿಷಯ ನನ್ನಿಂದ ಬಚ್ಚಿಟ್ಟುಕೊಂಡು ಓಡಾಡಿದೆಯಾ? ಈ ತಿಂಗಳಲ್ಲಿ ನನಗೆ ಒಂದೇ ಒಂದು ಸಲ ಏನಾದರೂ ಅನ್ನಿಸಿದ್ದರೆ ಅದು ನಿನ್ನ ಮೇಲಿನ ಕೋಪ. ಅದೂ ಹೆಚ್ಚು ದಿನ ಉಳಿಯಲಿಲ್ಲ.

ನಿನ್ನ ಕೆಲಸದ ಬಗ್ಗೆ ಕೇಳಿದವರಿಗೆಲ್ಲ ನಾನು “ಅವಳು ಹುಳ ಸಾಕ್ತಾಳೆ” ಎಂದು ಹೇಳುತ್ತಿದ್ದೆ. ನೀನು ಸಿಟ್ಟು ಮಾಡಿಕೊಂಡು, ಒಂದು ದಿನ ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದೆ. ಬ್ಯಾಕ್ಟೀರಿಯಾಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ನರವಿಲ್ಲ. ಇರುವುದು ಮೈಸುತ್ತ ಒಂದು ಗಟ್ಟಿ ಗೋಡೆ, ಅದರೊಳಗೆ ಎಣ್ಣೆಯಂಥ ಜಿಡ್ಡಿನ ತೆಳ್ಳನೆಯ ಪೊರೆ. ಉಪ್ಪುನೀರಿನಲ್ಲಿ ಬದುಕುವಾಗ ಅದೂ ತನ್ನೊಳಗೆ ಉಪ್ಪು ತುಂಬಿಕೊಂಡಿರುತ್ತದೆ. ಹೊರಗೆ ಒಮ್ಮೆಲೇ ಸಿಹಿನೀರು ಬಂದರೆ ಆ ನೀರೆಲ್ಲ ಒಳಗೆ ನುಗ್ಗುತ್ತದೆ. ಮೈ ಉಬ್ಬುತ್ತದೆ, ಪೊರೆ ಬಿಗಿಯುತ್ತದೆ. ಆ ಪೊರೆಯಲ್ಲೇ ಹುದುಗಿ ಕೂತ ಪ್ರೋಟೀನಿನ ಪುಟ್ಟ ಬಾಗಿಲುಗಳಿಗೆ ಈ ಬಿಗಿತ ಗೊತ್ತಾಗುತ್ತದೆ. ಯಾರೂ ಬಂದು ತಟ್ಟಬೇಕಿಲ್ಲ. ಸುತ್ತಲಿನ ಜಿಡ್ಡೇ ಅದನ್ನು ನಾಲ್ಕೂ ಕಡೆಗೆ ಎಳೆಯುತ್ತದೆ, ಎಳೆದಾಗ ಅದು ಅಗಲಿಸಿಕೊಂಡು ನಡುವೆ ತೂತು ಬಿಡುತ್ತದೆ. ಒಳಗೆ ಕೂಡಿಟ್ಟದ್ದೆಲ್ಲ ಚಿಮ್ಮಿ ಹೊರಗೆ ಹೋಗುತ್ತದೆ. ಮೊದಲು ಸಣ್ಣ ಬಾಗಿಲು, ಅದೂ ಸಾಲದಿದ್ದರೆ ದೊಡ್ಡದು, ಇನ್ನೇನು ಒಡೆದೇಹೋಯಿತು ಅನ್ನುವ ಕಡೇ ಗಳಿಗೆಯಲ್ಲಿ. ಎರಡೂ ಬಾಗಿಲು ಇಲ್ಲದ ಹಾಗೆ ಮಾಡಿ ಸಿಹಿನೀರಿಗೆ ಬಿಟ್ಟರೆ ಒಡೆದು ಸಾಯುತ್ತವೆ. ಅಷ್ಟು ಹೇಳಿ ನೀನು ಬೆಂಡೆಕಾಯಿಯ ತಟ್ಟೆ ನನ್ನ ಕಡೆ ತಳ್ಳಿ, “ಈಗ ಹೇಳ್ರೀ, ಇದು ಹುಳಾನಾ?” ಎಂದೆ.

ನಾನು ಸುಮ್ಮನಿರುವ ಜಾತಿಯವನೇ? ಹಾಗಾದರೆ ನಮ್ಮ ದೊಡ್ಡಪ್ಪನಿಗೆ ಈ ಬಾಗಿಲು ಇಲ್ಲ, ಅದಕ್ಕೇ ಮದುವೆ ಮನೆಗಳಲ್ಲೆಲ್ಲ ಸಿಡಿಯುತ್ತಾನೆ ಎಂದೆ. ನೀನು ನಗಲಿಲ್ಲ. “ಬ್ಯಾಕ್ಟೀರಿಯಾಗೆ ಮನಸ್ಸಿಲ್ಲ ಕಣ್ರೀ. ಅದನ್ನ ತಂದು ಮನುಷ್ಯರಿಗೆ ಅಂಟಿಸಬೇಡಿ. ಅದು ಇರೋ ಹಾಗೇ ಚೆನ್ನಾಗಿದೆ.” ಆಮೇಲೆ ನಿನ್ನ ಸ್ವಂತ ಕೆಲಸ ಹೇಳಿದೆ. ಸಣ್ಣ ಬಾಗಿಲಿಗೆ ಒಂದು ವಿಚಿತ್ರ ಗುಣವಿದೆಯಂತೆ. ಒಮ್ಮೆಲೇ ಎಳೆದರೆ ತೆರೆಯುತ್ತದೆ. ಅಷ್ಟೇ ಎಳೆತವನ್ನು ಮೆಲ್ಲಮೆಲ್ಲಗೆ ಕೊಟ್ಟರೆ ತೆರೆಯುವುದೇ ಇಲ್ಲ, ಜಡವಾಗಿ ಕೂತುಬಿಡುತ್ತದೆ. ಹಾಳಾಗಿರುವುದಿಲ್ಲ. ಎಳೆಯುವುದು ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮತ್ತೆ ಮೊದಲಿನಂತಾಗುತ್ತದೆ. ಅದು ಯಾಕೆ ಹಾಗೆ, ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ನೋಡುವುದೇ ನಿನ್ನ ಐದು ವರ್ಷದ ಪಾಡು.

ಮನುಷ್ಯರಿಗೆ ಅಂಟಿಸಬೇಡಿ ಎಂದಿದ್ದೀಯ. ಅಂಟಿಸುವುದಿಲ್ಲ. ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ.

ನಿನ್ನೆ ಸಂಜೆ ನಿನ್ನ ಲ್ಯಾಬಿನ ರುದ್ರೇಶ ಫೋನ್ ಮಾಡಿದ. ಕುಷ್ಟಗಿ ಕಡೆಯವನು, ನಿನ್ನನ್ನು ಅಕ್ಕಾರು ಅಕ್ಕಾರು ಎನ್ನುತ್ತಾ ಒಂದು ಸಲ ಮನೆಗೆ ಬಂದು ನಿಮ್ಮವ್ವನ ಕೈಯ ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಹೋಗಿದ್ದನಲ್ಲ, ಅವನೇ. ನೀನು ಹೋದಾಗ ತಂಗಿಯ ಮದುವೆಗೆಂದು ಊರಿನಲ್ಲಿದ್ದ, ಮಣ್ಣಿಗೆ ಬಂದಿರಲಿಲ್ಲ. ಫೋನಿನಲ್ಲಿ ಹತ್ತು ಸಲ ತಡವರಿಸಿ ಹೇಳಿದ, “ಅಣ್ಣಾರ, ಅಕ್ಕಾರ ಲಿಂಗ ಇಲ್ಲೇ ಐತ್ರಿ. ನಾ ಊರಿಂದ ಬಂದು ನೋಡೀನ್ರಿ. ಅಷ್ಟರಾಗ ಮಣ್ಣು ಮಾಡಿ ಆಗಿತ್ತು. ಲಿಂಗ ಬಿಟ್ಟು ಮಣ್ಣು ಮಾಡೀರಿ ಅಂತ ನಿಮಗ ಹೆಂಗ ಹೇಳ್ಲಿ ಅಂತ ಅಂಜಿ ಸುಮ್ನಿದ್ದೆ.” ಎಲ್ಲಿದೆಯಪ್ಪ ಎಂದೆ. “ತೂಗು ಹಾಕಿದಲ್ಲೇ ಐತ್ರಿ. ಯಾರೂ ಮುಟ್ಟಿಲ್ಲ. ನೀವ ಬಂದು ತೆಗೀರಿ.”

ನಿಮ್ಮವ್ವನಿಗೆ ಹೇಳಿದೆ. ಅವರು ಪೆಟ್ಟಿಗೆಯಿಂದ ಒಂದು ಮಡಿ ಸೀರೆ ತೆಗೆದಿಟ್ಟುಕೊಂಡರು. ಇವತ್ತು ಬೆಳಗ್ಗೆ ಅಂಗಡಿ ತೆರೆಯದೆ ಇಬ್ಬರೂ ಆಟೋದಲ್ಲಿ ಹೊರಟೆವು. ಮಹಾಲಕ್ಷ್ಮಿ ಲೇಔಟ್ ದಾಟುವವರೆಗೂ ಅವರು ಹೊರಗಿನ ರಸ್ತೆಯನ್ನೇ ನೋಡುತ್ತಿದ್ದರು. ಯಶವಂತಪುರದ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ, ದಿನಾ ಇಷ್ಟು ದೂರ ಬರ್ತಿದ್ಲೇನು ಎಂದು ಕೇಳಿದರು. ಹೂಂ ಎಂದೆ.

ಲ್ಯಾಬಿನ ಕಾರಿಡಾರಿನಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರು ಇದ್ದರು. ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಚಪ್ಪಲಿಯ ಸದ್ದೂ ಆಗದ ಹಾಗೆ ನಡೆಯುತ್ತಿದ್ದರು. ನಮಗಾಗಿ ಎಂದುಕೊಂಡೆ. ರುದ್ರೇಶ ನಿಮ್ಮವ್ವನ ಕಾಲು ಮುಟ್ಟಿ, ಕೊನೆಯ ಕೋಣೆಗೆ ಕರೆದುಕೊಂಡು ಹೋದ. ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿ. ಒಳಗೆ ಅಲುಗದಿರಲೆಂದು ಗಾಳಿಯ ಮೇಲೆ ನಿಲ್ಲಿಸಿದ ಭಾರದ ಮೇಜು, ಅದರ ಮೇಲೆ ಮೈಕ್ರೋಸ್ಕೋಪ್, ಸುತ್ತ ಹೊರಗಿನ ವಿದ್ಯುತ್ತು ತಾಗದ ಹಾಗೆ ತಾಮ್ರದ ಬಲೆ ಹೊದಿಸಿದ ಪಂಜರ. ಪಂಜರದ ಚೌಕಟ್ಟಿನಲ್ಲಿ ಒಂದು ಕೊಕ್ಕೆ. ಕೊಕ್ಕೆಯಲ್ಲಿ ಶಿವದಾರದ ಸಮೇತ ನಿನ್ನ ಕರಡಿಗೆ.

ರುದ್ರೇಶ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ಬೈದುಕೋ. ಗಾಜಿನ ಕೊಳವೆಯ ತುದಿ ಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ಅದನ್ನು ಬ್ಯಾಕ್ಟೀರಿಯಾದ ಪೊರೆಗೆ ತಾಗಿಸಿ, ಮೆತ್ತಗೆ ಹೀರಿ, ಅಂಟಿಕೊಳ್ಳುವ ಹಾಗೆ ಮಾಡಬೇಕು. ಅಂಟಿದ ಮೇಲೆ ಮೇಜು ಕದಲಿದರೂ ಮುಗಿಯಿತು. ನೀನು ಬಗ್ಗಿ ನೋಡುವಾಗ ಕರಡಿಗೆ ಮುಂದಕ್ಕೆ ತೂಗಿ ಕೊಳವೆಗೆ ಬಡಿಯುತ್ತಿತ್ತಂತೆ. ಎರಡು ಮೂರು ಸಲ ಅರ್ಧ ದಿನದ ಕೆಲಸ ಹಾಳಾಯಿತಂತೆ. ಅದಕ್ಕೇ ಕೂರುವ ಮೊದಲು ತೆಗೆದು ಕೊಕ್ಕೆಗೆ ಹಾಕುತ್ತಿದ್ದೆ, ಏಳುವಾಗ ಹಾಕಿಕೊಳ್ಳುತ್ತಿದ್ದೆ. “ತೂಗು ಹಾಕೋ ಮುಂಚೆ ಕಣ್ಣಿಗೆ ಒತ್ಕೋತಿದ್ರಿ ಅವ್ವಾರ, ಹಾಕ್ಕೊಳ್ಳೋವಾಗೂ ಒತ್ಕೋತಿದ್ರಿ. ಒಂದು ದಿನ ತಪ್ಪಿಸಿಲ್ಲ,” ಎಂದ. ಆವತ್ತು ಚಳಿ ಬಂದು ಅರ್ಧಕ್ಕೇ ಎದ್ದು ಹೋದೆಯಲ್ಲ, ಆವತ್ತು ಮಾತ್ರ ಮರೆತೆ. ಜ್ವರದಲ್ಲಿ ನೆನಪಾಗಲಿಲ್ಲವೋ, ಇಳಿದ ಮೇಲೆ ತಂದರಾಯಿತು ಎಂದುಕೊಂಡೆಯೋ, ಅದು ಇನ್ನು ಯಾರಿಗೂ ತಿಳಿಯುವುದಿಲ್ಲ.

ನಿಮ್ಮವ್ವ ಗೋಡೆಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದರು. “ಒಂದು ತಿಂಗಳು ಇಲ್ಲೇ ಬಿಟ್ರೇನಪ್ಪಾ? ನೀನೂ ಲಿಂಗವಂತ ಅಲ್ಲೇನು?” ಎಂದರು.

“ಮತ್ತೊಬ್ರ ಲಿಂಗ ಮುಟ್ಟಬಾರ್ದಲ್ರೀ,” ಎಂದ ರುದ್ರೇಶ. ಕಿಂಡಿಯ ಕಡೆ ಕೈ ತೋರಿಸಿ ಮುಂದುವರಿಸಿದ, “ಅದೊಂದ ಅಲ್ರಿ. ಇದು ಕೊಕ್ಕಿಗೆ ಇದ್ರ ಇಲ್ಲಿ ಎಲ್ಲಾರೂ ಮೆಲ್ಲಕ ಅಡ್ಡಾಡ್ತಾರ. ಯಾರೂ ಬಾಗ್ಲಾ ಬಡಿಯಂಗಿಲ್ಲ, ಕುರ್ಚಿ ಎಳಿಯಂಗಿಲ್ಲ, ಆಜೂಬಾಜೂ ಮಷಿನ್ ಹಚ್ಚಂಗಿಲ್ಲ. ಕಿಂಡಿಯಾಗ ಇಣಿಕಿ ನೋಡಿ ‘ಅಕ್ಕ ಕೂತಿದಾರೆ’ ಅಂತ ವಾಪಸ್ ಹೋಗ್ತಾರ. ಬಂಗಾಲಿ ಹುಡುಗಿ ಒಬ್ಬಾಕಿ ಅದಾಳ್ರಿ, ಆಕಿಗೆ ಬರೋ ಕನ್ನಡ ಅದೊಂದ.” ನೀನು ಹೋದ ಮೇಲೂ ಹಾಗೇ ನಡೆದಿದೆ, ನೀಲಾ. ಯಾರೂ ಹೇಳಿಕೊಂಡು ಮಾಡಿದ್ದಲ್ಲ. ಕೊಕ್ಕೆಯಲ್ಲಿ ಕರಡಿಗೆ ಇತ್ತು, ಹಾಗಾಗಿ ಯಾರಿಗೂ ಆ ಮೇಜಿಗೆ ಕೂರಲು ಮನಸ್ಸು ಬರಲಿಲ್ಲ, ಯಾರೂ ದನಿ ಎತ್ತಲಿಲ್ಲ. ನಿನ್ನ ಗೈಡ್ ಮೇಡಂ ದಿನಾ ಬಂದು ಕಿಂಡಿಯಲ್ಲಿ ನೋಡಿ ಹೋಗುತ್ತಿದ್ದರಂತೆ. ಕೊನೆಗೆ ರುದ್ರೇಶನ ಕೆಲಸವೂ ನಿಂತುಹೋದದ್ದು ನೋಡಿ, ಮನೆಯವರಿಗೆ ಫೋನ್ ಮಾಡು ಎಂದರಂತೆ.

ನಾನು ಕೊಕ್ಕೆಯ ಕಡೆಗೆ ಹೋದೆ. ನಿಮ್ಮವ್ವ ತಡೆದರು. “ತಡೀರಿ. ಏನು ಮಾಡ್ತಿದ್ಲು ಅದನ್ನ ತೋರಿಸ್ಲಿ ಮೊದ್ಲು.”

ಅದಕ್ಕೆ ಬಹಳ ಹೊತ್ತು ಹಿಡಿಯಿತು. ಮೈಸುತ್ತಿನ ಗೋಡೆ ಕಳೆದು ಉಂಡೆಯಾಗಿಸಿದ ಬ್ಯಾಕ್ಟೀರಿಯಾಗಳನ್ನು ರುದ್ರೇಶ ತಂದು ಇಟ್ಟ. ಕೊಳವೆ ಕೂರಿಸಿದ. ಎರಡು ಸಲ ಅಂಟಲಿಲ್ಲ, ಮೂರನೆಯದಕ್ಕೆ ಅಂಟಿತು. ನಾನು ಸ್ಟೂಲಿನ ಮೇಲೆ, ನಿಮ್ಮವ್ವ ನಿನ್ನ ಕುರ್ಚಿಯ ಮೇಲೆ ಕೂತಿದ್ದೆವು. ಕಂಪ್ಯೂಟರಿನಲ್ಲಿ ಒಂದು ಗೆರೆ ನೆಟ್ಟಗೆ ಹೋಗುತ್ತಿತ್ತು. ಅವನು ಮೆಲ್ಲಗೆ ಹೀರುತ್ತಾ ಹೋದ. ಗೆರೆ ಕದಲಲಿಲ್ಲ.

“ಯಾಕ ಸುಮ್ನೈತಿ?” ಎಂದು ನಿಮ್ಮವ್ವ ಪಿಸುಗುಟ್ಟಿದರು. ಅವರೂ ಪಿಸುಮಾತಿಗೆ ಬಂದಿದ್ದರು.

“ಮೆಲ್ಲಕ ಎಳದ್ರ ಹಿಂಗ ರೀ. ಸ್ವಲ್ಪ ಬಿಡ್ಬೇಕು.” ಹೀರುವುದನ್ನು ನಿಲ್ಲಿಸಿದ. ಕಾದೆವು. ಆಮೇಲೆ ಒಂದೇ ಸಲಕ್ಕೆ ಎಳೆದ. ಗೆರೆ ಜಿಗಿಯಿತು. ಮೆಟ್ಟಿಲು ಹತ್ತಿದ ಹಾಗೆ ಒಂದು, ಅದರ ಮೇಲೆ ಇನ್ನೊಂದು, ಇನ್ನೊಂದು. ಒಂದೊಂದು ಮೆಟ್ಟಿಲೂ ಒಂದೊಂದು ಬಾಗಿಲು ತೆರೆದದ್ದಂತೆ. ಐದು ವರ್ಷ ನೀನು ನೋಡುತ್ತಿದ್ದದ್ದು ಇದನ್ನು. ಒಂದು ಭಾನುವಾರ ಬಂದು ನೋಡಿ ಎಂದು ನೀನು ಕರೆದಿದ್ದೆ, ಭಾನುವಾರ ಅಂಗಡಿಯಲ್ಲಿ ರಶ್ ಇರುತ್ತದೆ ಎಂದು ನಾನು ಹೇಳಿದ್ದೆ. ಚೆನ್ನಾಗಿದೆ ಕಣೇ. ನೀನು ಹೇಳಿದ ಹಾಗೆ, ಅದು ಇರುವ ಹಾಗೇ ಚೆನ್ನಾಗಿದೆ.

“ಆಕೀದು ಮುಗಿದಿತ್ತೇನು ಕೆಲಸ?” ಎಂದರು ನಿಮ್ಮವ್ವ.

“ಇಲ್ರಿ. ಉಳಿದದ್ದು ನಾ ಮಾಡ್ತೀನ್ರಿ. ಹೆಸರು ಅಕ್ಕಾರದ್ದ ಇರ್ತೈತಿ.”

ನಿಮ್ಮವ್ವ ಎದ್ದರು. ಸೆರಗಿನಿಂದ ಕೈ ಒರೆಸಿಕೊಂಡು, ಕೊಕ್ಕೆಯಿಂದ ಕರಡಿಗೆ ಬಿಡಿಸಿ, ಕಣ್ಣಿಗೆ ಒತ್ತಿಕೊಂಡರು. ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಸೊಂಟದ ಚೀಲದಿಂದ ವಿಭೂತಿ ತೆಗೆದು ಹಚ್ಚಿ, ಅಲ್ಲೇ ನಿಂತು ನೋಡುತ್ತಾ ಇದ್ದರು. ಅವರ ಮುಖ ಸಡಿಲವಾಯಿತು. “ಬಿಟ್ಟಿರ್ಲಿಲ್ಲ ನನ್ನ ಕೂಸು,” ಎಂದರು. ನನ್ನ ಕಡೆ ತಿರುಗಿ, “ನಿಮಗ ಸುಮ್ಮ ಅಂದೆ ರೀ ನಾನು,” ಎಂದರು. ನಾನು ಪರವಾಗಿಲ್ಲ ಅತ್ತೆ ಎಂದೆ. ಆಗಲೂ ನನಗೆ ಏನೂ ಆಗಲಿಲ್ಲ. ಒಂದು ಕೆಲಸ ಮುಗಿಯಿತು ಅನ್ನಿಸಿತು, ಅಷ್ಟೇ. ನೀನು ಬಚ್ಚಿಟ್ಟಿರಲಿಲ್ಲ ಎಂದು ತಿಳಿದು ಸಮಾಧಾನ ಆಗಬೇಕಿತ್ತು. ಅದು ಬರಲಿ ಎಂದು ಕಾದು ನಿಂತಿದ್ದೆ.

ಆಗ ಹೊರಗಿನಿಂದ ಯಾರೋ ಕಿಂಡಿಯಲ್ಲಿ ಇಣುಕಿದರು. ಖಾಲಿ ಕೊಕ್ಕೆಯನ್ನು ನೋಡಿ ಆ ಮುಖ ಸರಿಯಿತು. ಸ್ವಲ್ಪ ಹೊತ್ತಿಗೆ ಕಾರಿಡಾರಿನಲ್ಲಿ ಒಬ್ಬ ಹುಡುಗ ಮಾಮೂಲಿ ದನಿಯಲ್ಲಿ ಇನ್ನೊಬ್ಬನನ್ನು ಊಟಕ್ಕೆ ಕರೆದ. ಅವನು ದೂರದಿಂದ ಕೂಗಿ ಉತ್ತರ ಕೊಟ್ಟ. ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು ಬಂತು, ಯಾವುದೋ ಮಷಿನ್ ಗುಂಯ್ ಎಂದು ತಿರುಗಲು ಶುರುವಾಯಿತು. ಯಾರೋ ಚಪ್ಪಲಿ ಪಟಪಟ ಹಾಕಿಕೊಂಡು ಓಡಿಹೋದರು. ಅವರ ಹಿಂದೆ ಕಾರಿಡಾರಿನ ಬಾಗಿಲು ದಡಾರ್ ಎಂದು ಹೊಡೆದುಕೊಂಡಿತು.

ಯಾರೂ “ಶ್” ಅನ್ನಲಿಲ್ಲ, ನೀಲಾ. ನಾನು ಗೋಡೆ ಹಿಡಿದುಕೊಂಡೆ. ಅಲ್ಲಿಯವರೆಗೂ ನೀನು ಕೂತಿದ್ದೆ.

ಸೋಮವಾರ ನಿಮ್ಮವ್ವ, ನಾನು ಇಬ್ಬರೂ ರುದ್ರಭೂಮಿಗೆ ಹೋಗಿ, ಮೊಳದಾಳಕ್ಕೆ ಮಣ್ಣು ತೆಗೆದು ನಿನ್ನ ಲಿಂಗವನ್ನು ನಿನ್ನ ಎಡಗೈಯ ನೇರಕ್ಕೆ ಇಟ್ಟು ಬರುತ್ತೇವೆ. ಅವರು ಕೊಟ್ಟೂರಿನ ಮಾತು ಎತ್ತಿಲ್ಲ, ನಾನೂ ಕೇಳಿಲ್ಲ.

ನಿನ್ನ ದಾರಿ ತಂಪಾಗಿರಲಿ. ಇಲ್ಲಿ ಎಷ್ಟು ಸದ್ದಾದರೂ ಅಲ್ಲಿ ನಿನ್ನ ಕೆಲಸ ಕೆಡದಿರಲಿ.

ಇಂತಿ,
ನಿನ್ನ ಲ್ಯಾಬನ್ನು ತಡವಾಗಿ ನೋಡಿದ,
ಚನ್ನವೀರೇಶ